ತುಂಬರಹಾಳದ ಹೂಂಗಲ್ಲು

ತುಂಬರಹಾಳದ ದಕ್ಷಿಣಕ್ಕೆ, ಜೋಳದ ಹೊಲ ಮುಗಿದು ಜಾಲಿಯ ಕುರುಚಲು ಶುರುವಾಗುವಲ್ಲಿ, ಎರಡಾಳೆತ್ತರದ ಒಂದು ಕರಿಬಂಡೆ ಇದೆ. ನಡುವೆ ಸೀಳಿದೆ, ಒಳಗೆ ಪೊಳ್ಳು. ಎದುರು ನಿಂತು ಯಾರ ಹೆಸರನ್ನೇ ಕೂಗಿದರೂ ಅದು 'ಹೂಂ' ಎನ್ನುತ್ತದೆ, ಅದಕ್ಕೇ ಹೂಂಗಲ್ಲು. ಹದಿನಾಲ್ಕು ಸೀಮೆಯಲ್ಲಿ ಇಂಥ ಕಲ್ಲು ಇನ್ನೊಂದಿಲ್ಲ. ಇದ್ದರೂ ತುಂಬರಹಾಳದವರು ಒಪ್ಪುವುದಿಲ್ಲ. ಸಾಲೆಯ ಮಾಸ್ತರರೊಬ್ಬರು ಬಂದು, ಇದು ಬರೀ ಮಾರುದನಿ ಎಂದು ಅರ್ಧ ತಾಸು ಕೂಗಿ ವಾದಿಸಿದರಂತೆ. ಕಲ್ಲು ಅದಕ್ಕೂ ಹೂಂ ಅಂದಿತು. ಅಷ್ಟು ಮರ್ಯಾದಸ್ಥ ಕಲ್ಲು! ಅದರ ಮೈಮೇಲೆ ಒಂದು ಗುದ್ದಲಿಯೇಟಿನ ಗುರುತಿದೆ, ಬುಡದಲ್ಲಿ ಎತ್ತಿನ ಗೊರಸು ತುಳಿದು ಸವೆದ ಕುಳಿಯಿದೆ.

ಹಿಂದೆ ಒಮ್ಮೆ, ಇಲ್ಲಿ ಜಾಲಿ ಮತ್ತು ತೋಳ ಬಿಟ್ಟರೆ ಬೇರೆ ಸಂಸಾರವೇ ಇಲ್ಲದ ಕಾಲದಲ್ಲಿ, ಕರಿಲಿಂಗಪ್ಪನೆಂಬವನು ಹೆಗಲಿಗೊಂದು ಗುದ್ದಲಿ ಇಟ್ಟುಕೊಂಡು ಬಂದು ನೆಲೆಸಿದ. ಅವನು ಒಂದೇ ಹೊತ್ತಿನಲ್ಲಿ ತೋಡಿದ ಬಾವಿಯ ಮಣ್ಣೇ ಆಚೆಯ ಗುಡ್ಡವಾಯಿತು ಎನ್ನುತ್ತಾರೆ. ಗುಡ್ಡ ಸಣ್ಣದಾಗಿ ಕಂಡರೆ ಅದು ಆಮೇಲೆ ಮಳೆಗೆ ಕರಗಿದ್ದು, ಅವನ ತಪ್ಪಲ್ಲ. ಅವನ ಮೊದಲ ಏಟು ಮಾತ್ರ ಈ ಬಂಡೆಗೆ ಬಿದ್ದು ಗುದ್ದಲಿ ಮಡಚಿಕೊಂಡಿತು. ಕರಿಲಿಂಗಪ್ಪ ಕೈಮುಗಿದು, 'ನನಗಿಂತ ಮೊದಲು ಬಂದವ ನೀನು. ನೀ ಅಣ್ಣ, ನಾ ತಮ್ಮ' ಎಂದ. ಅಂದಿನಿಂದ ಆ ಮನೆತನಕ್ಕೆ ಗುದ್ದಲಿಯವರು ಎಂದು ಹೆಸರಾಯಿತು. ಸುಗ್ಗಿಯ ಮೊದಲ ತೆನೆ ಪ್ರತಿವರ್ಷ ಬಂಡೆಯಣ್ಣನ ಪಾಲಾಯಿತು.

ಮೂರು ಸುಗ್ಗಿಗೊಮ್ಮೆ, ಮನೆತನಗಳ ವಂಶಾವಳಿ ಹೇಳುವುದೇ ಕಸುಬಾದ ಹೆಳವರ ಯಮನಪ್ಪ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬರುತ್ತಿದ್ದ. ಅಂಗಳದಲ್ಲಿ ಎತ್ತು ನಿಲ್ಲಿಸಿ ಕರಿಲಿಂಗಪ್ಪನಿಂದ ಹಿಡಿದು ಹನ್ನೊಂದು ತಲೆಯ ಹೆಸರು ಹಾಡುತ್ತಿದ್ದ. ಒಂದೊಂದು ಹೆಸರಿಗೂ ಮನೆಯ ಗಂಡಸು ಹೂಂ ಎನ್ನಬೇಕು. ಹೂಂ ಬೀಳದ ಹೆಸರು ಸರಕ್ಕೆ ಸೇರದು. ನಡುವೆ ತಪ್ಪಿದರೆ ಮತ್ತೆ ಕರಿಲಿಂಗಪ್ಪನಿಂದಲೇ ಶುರು. ಆ ಮನೆಯ ಹಿರಿಸೊಸೆ ಇದನ್ನೆಲ್ಲ ಒಳಗೆ ಬೀಸುವ ಕಲ್ಲಿನ ಸದ್ದಿನ ನಡುವೆ ಕೇಳಿದವಳು. ಗಂಡನ ಹೆಸರನ್ನಾಗಲಿ ಅವನ ಹಿರಿಯರ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುವ ಪದ್ಧತಿ ಸೊಸೆಯಂದಿರಿಗೆ ಇರಲಿಲ್ಲ. ಎತ್ತಿನ ಮೇಲೆ ತಾವಾಗಿ ಬರುವ ಹೆಸರುಗಳನ್ನು ತಾನು ತಲೆಯ ಮೇಲೆ ಯಾಕೆ ಹೊರಬೇಕು ಎಂದು ಅವಳೂ ನೆನಪಿಡಲಿಲ್ಲ.

ಆಮೇಲೆ ಬಗಲಲ್ಲಿ ಗಡ್ಡೆ ಏಳುವ ಬೇನೆ ಬಂತು. ಇಪ್ಪತ್ತೆರಡು ಗಂಗಾಳಗಳಲ್ಲಿ ಉಣ್ಣುತ್ತಿದ್ದ ಮನೆ ಒಂದು ಗಂಗಾಳಕ್ಕೆ ಇಳಿಯಿತು. ಹಿರಿಸೊಸೆಯ ಗಂಡ ಹೋದ, ಇಬ್ಬರು ಮಕ್ಕಳು ಹೋದರು, ಸೊಸೆಯಂದಿರು ಹೋದರು. ಕಡೆಗೆ ತೊಟ್ಟಿಲ ಮೊಮ್ಮಗ ಹೋದ. ಬಾಳಲಿ ಎಂದು ಅವನಿಗೆ ಬಾಳಪ್ಪ ಎಂದು ಹೆಸರಿಟ್ಟಿದ್ದರು. ಹೆಸರಿಟ್ಟ ಮೇಲೆ ಐದು ದಿನ ಇದ್ದ. ಉಳಿದ ಊರು ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಅವಳು ಹೋಗಲಿಲ್ಲ. ಬಾಳಪ್ಪನೆಂಬುವನೊಬ್ಬ ಹುಟ್ಟಿದ್ದ ಎಂದು ಬಲ್ಲವಳು ಭೂಮಿಯ ಮೇಲೆ ಅವಳೊಬ್ಬಳೇ; ಆ ಹೆಸರು ಹೆಳವನ ಬಾಯಿಗೆ ಸೇರುವವರೆಗೆ ಸಾಯಬಾರದೆಂದು ಹಟ ಹಿಡಿದು ಕುಳಿತಳು.

ಆ ಸುಗ್ಗಿಗೆ ಯಮನಪ್ಪ ಬಂದ. ಬಿಕೋ ಎನ್ನುವ ಅಂಗಳದಲ್ಲಿ ಮೊದಲ ಹೆಸರು ಹಾಡಿದ. ಒಳಗಿಂದ ಹೆಣ್ಣುದನಿ ಹೂಂ ಅಂದಿತು. ಅವನು ಹಾಡು ನಿಲ್ಲಿಸಿದ.

"ಅವ್ವಾ, ನೀ ಹೂಂ ಅಂದ್ರ ನಡಿಯಂಗಿಲ್ಲ. ನಿನ್ನ ಹೂಂ ನಿನ್ನ ತವರಿಗೆ ಸಲ್ತೈತಿ. ಈ ನೆಲದಾಗ ಹುಟ್ಟಿದ ಗಂಡು ಜೀವ ಬೇಕು."

"ಇಪ್ಪತ್ತೆರಡು ಗಂಗಾಳ ತೊಳದಾಕಿ ನಾ. ಒಂದು ಹೂಂ ಅನ್ನಾಕ ಹಕ್ಕಿಲ್ಲೇನೋ? ನಿನ್ನ ಎತ್ತು ಗಂಡೈತಲ್ಲ, ಅದು ಅಂದ್ರ ನಡೀತೈತೇನು?"

"ಎತ್ತು ನನ್ನ ಹಟ್ಟ್ಯಾಗ ಹುಟ್ಟಿದ್ದವ್ವಾ," ಎಂದ ಯಮನಪ್ಪ, ನಗಲೂ ಆಗದೆ ಅಳಲೂ ಆಗದೆ.

"ಹಂಗಾರ ಬಂಡೆಯಣ್ಣನ ಕೇಳೋಣ ಬಾ. ಈ ನೆಲದಾಗ ಅವನಕಿಂತ ಮೊದಲ ಹುಟ್ಟಿದಾವ ಯಾರದಾನ?"

ಮುದುಕಿಯ ಸಮಾಧಾನಕ್ಕೆಂದು ಯಮನಪ್ಪ ಎತ್ತು ತಿರುಗಿಸಿದ. ಸುಡುವ ಬಿಸಿಲಲ್ಲಿ, ಬಂಡೆಯೆದುರು, ಕರಿಲಿಂಗಪ್ಪನ ಹೆಸರು ಎತ್ತಿದ. ಬಂಡೆ ಹೂಂ ಅಂದಿತು. ಯಮನಪ್ಪನ ಮೀಸೆ ನೆಟ್ಟಗೆ ನಿಂತು ಸಾಯುವವರೆಗೂ ಮತ್ತೆ ಬಾಗಲಿಲ್ಲ ಎನ್ನುತ್ತಾರೆ. ಹನ್ನೊಂದು ತಲೆಗೂ ಹೂಂ ಬಿತ್ತು, ಅವಳ ಮಕ್ಕಳಿಗೂ ಬಿತ್ತು. ಕೊನೆಗೆ ಅವಳು ಎತ್ತಿನ ಹತ್ತಿರ ಹೋಗಿ, ಮಲಗಿದ ಕೂಸನ್ನು ಕೈಗೆ ಕೊಡುವಷ್ಟು ಮೆಲ್ಲಗೆ ಬಾಳಪ್ಪನ ಹೆಸರು ಹೇಳಿದಳು. ಹೆಳವ ಹಾಡಿದ. ಹೂಂ. "ಸೇರಿದ, ಅವ್ವಾ. ಮೂರನೇ ಸುಗ್ಗಿಗೆ ಮತ್ತ ಬರ್ತೀನಿ," ಎಂದ.

ಮೂರನೆಯ ಸುಗ್ಗಿಗೆ ಗಂಟೆ ಕೇಳಿತು. ಅವಳು ಓಡೋಡಿ ಬಂದಳು. ಎತ್ತು ಒಂದೇ ಬಂದಿತ್ತು, ಗಂಟೆ ಅದರ ಕೊರಳಲ್ಲಿತ್ತು. ಬರಿಬೆನ್ನಿನಲ್ಲಿ ನೇರ ಬಂಡೆಯೆದುರು ಹೋಗಿ, ಹಾಡು ಶುರುವಾಗಲೆಂದು ನಿಂತುಕೊಂಡಿತು. "ಎಲ್ಲಿ ಬಿಟ್ಟು ಬಂದ್ಯೋ ಅವನ್ನ?" ಎಂದು ಅವಳು ಅದರ ಕೊರಳು ಹಿಡಿದು ಕೇಳಿದಳು. ಬೇನೆ ಹೆಳವರ ಹಟ್ಟಿಗೂ ಹೋಗಿತ್ತೆಂದು ಕುರಿಗಾರರು ಆಮೇಲೆ ಹೇಳಿದರು. ಯಮನಪ್ಪನೂ ಇರಲಿಲ್ಲ, ಅವನಿಂದ ಹಾಡು ಕಲಿಯಬೇಕಿದ್ದ ಮಗನೂ ಇರಲಿಲ್ಲ.

ಆಗ ಅವಳು ತಾನೇ ಬಂಡೆಯೆದುರು ನಿಂತಳು. ಪದ್ಧತಿ ಮುರಿದು ಕರಿಲಿಂಗಪ್ಪ ಎಂದಳು, ಹೂಂ. ಎರಡನೆಯ ಹೆಸರು ಬರಲಿಲ್ಲ. ಈ ತುದಿಯಿಂದ ಹಿಡಿದಳು: ಬಾಳಪ್ಪ, ಅವನ ಅಪ್ಪ, ಅವನ ಕಾಕಾ. ಆಮೇಲೆ, ನಲವತ್ತು ವರ್ಷ ಬಾಳುವೆ ಮಾಡಿಯೂ ಒಮ್ಮೆಯೂ ಕರೆಯದಿದ್ದ ಗಂಡನ ಹೆಸರು. ಆಮೇಲೆ ಮಾವನದು. ಅಲ್ಲಿಗೆ ನಿಂತಿತು. ನಡುವಿನ ಎಂಟು ಹೆಸರು ಯಮನಪ್ಪನ ಜೊತೆ ಮಣ್ಣಾಗಿದ್ದವು. ನಡುವೆ ತಪ್ಪಿದರೆ ಮೊದಲಿನಿಂದ ಶುರು ಎಂಬುದು ಹೆಳವನ ಕಟ್ಟಳೆಯಲ್ಲವೆ? ಮರುದಿನ ಮತ್ತೆ ಕರಿಲಿಂಗಪ್ಪನಿಂದ ಶುರುಮಾಡಿ ಎರಡನೆಯದಕ್ಕೆ ನಿಂತಳು. ಅದರ ಮರುದಿನವೂ ಅಷ್ಟೇ. ಉಸಿರಿರುವ ತನಕ ದಿನಾ ಬಂದಳು. ಪಕ್ಕದಲ್ಲಿ ಎತ್ತು ಕಾದು ನಿಂತಿರುತ್ತಿತ್ತು. ಬುಡದ ಕುಳಿ ಆಗ ಬಿದ್ದದ್ದು.

ಈಗ ತುಂಬರಹಾಳದಲ್ಲಿ ಎದೆಯುಬ್ಬಿಸಿ ಈ ಕಥೆ ಹೇಳುವವರೆಲ್ಲ ಆಮೇಲೆ ಬಂದು ನೆಲೆಸಿದವರ ಮಕ್ಕಳು. ಕರಿಲಿಂಗಪ್ಪನ ರಕ್ತ ಯಾರಲ್ಲೂ ಹನಿಯಷ್ಟೂ ಇಲ್ಲ. ಬಂದವರು ಗುದ್ದಲಿಯೇಟು ನೋಡುತ್ತಾರೆ, ಕುಳಿಯಲ್ಲಿ ನಿಂತ ಮಳೆನೀರು ನೋಡುತ್ತಾರೆ, ತಮ್ಮ ಹೆಸರು ಕೂಗಿ ನಗುತ್ತಾರೆ. ಆ ಮುದುಕಿಯ ಹೆಸರೇನು ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕುರಿಗಾರರ ಕಿವಿಗೆ ಬಿದ್ದದ್ದು ಅವಳು ಕೂಗಿದ ಹೆಸರುಗಳಷ್ಟೇ. ಅವಳು ತನ್ನದನ್ನು ಕೂಗಲಿಲ್ಲ. ಕಲ್ಲನ್ನೇ ಕೇಳಿ ಎನ್ನುತ್ತಾರೆ ಊರವರು. ಬಂದವರು ಕೇಳುತ್ತಾರೆ. ನೀಲವ್ವನೇ? ಹೂಂ. ಸಿದ್ದವ್ವನೇ? ಹೂಂ. ಬಸಲಿಂಗವ್ವನೇ? ಹೂಂ.