ರಾಟೆ ಕೊಟ್ಟ ಜಾಗ

ಬಾವಿಯ ಮರದ ರಾಟೆ ಸವೆದುಹೋಗಿ ಅದರ ಜಾಗಕ್ಕೆ ಕಬ್ಬಿಣದ ಹೊಸ ರಾಟೆ ಬಂತು. ಹಳೆಯ ನಾರಿನ ಹಗ್ಗ ಅದರ ಕಿರಿದಾದ ತಗ್ಗಿನಲ್ಲಿ ಕೂರದೆ ಪಕ್ಕಕ್ಕೆ ಜಾರಿ ಸಿಕ್ಕಿಕೊಂಡಿತು. ಕೊಡ ಅರ್ಧದಲ್ಲೇ ನೇತಾಡಿತು.

"ಈ ಹಗ್ಗವನ್ನು ಒಲೆಗೆ ಹಾಕಿ, ಸಣ್ಣದು ತನ್ನಿ" ಎಂದ ಕಮ್ಮಾರ ವೀರಾಚಾರಿ.

ಆಗ ರಾಟೆ ಹೇಳಿತು: "ಆಚಾರ್ರೇ, ಈ ಬಾವಿಯ ಆಳ ಬಲ್ಲವರು ಈ ಹಗ್ಗದಜ್ಜ. ನಾನು ಇವತ್ತು ಬಂದವನು. ಅರದಿಂದ ಉಜ್ಜಿ ನನ್ನ ತಗ್ಗನ್ನೇ ಅಗಲ ಮಾಡಿ."

ಆಚಾರಿ ಉಜ್ಜಿದ. ರಾಟೆಯ ಹೊಳಪು ಪುಡಿಯಾಗಿ ಉದುರಿತು, ಹಗ್ಗ ಸಲೀಸಾಗಿ ಕೂತಿತು.

"ನನಗೋಸ್ಕರ ಮೈ ಸವೆಸಿಕೊಂಡೆಯಲ್ಲಪ್ಪ" ಎಂದಿತು ಹಗ್ಗ.

"ನಾನು ಸವೆದದ್ದು ಒಂದು ಗಳಿಗೆ. ನೀವು ಬಂದಾಗಿನಿಂದ ಸವೆಯುತ್ತಲೇ ಇದ್ದೀರಿ, ಅಜ್ಜ."

ಹಗ್ಗ ಅಂದಿನ ಮೊದಲ ಕೊಡವನ್ನು ಒಂದು ಹನಿಯೂ ತುಳುಕದಂತೆ ಮೇಲೆ ತಂದಿತು.