ಮಾಳವ್ವನ ಹಲ್ಲಲ್ಲಿದ್ದ ಹಗ್ಗ

ಬಹಳ ಹಿಂದೆ, ಹೊಳೆ ಈಗಿನದಕ್ಕಿಂತ ಊರಿಗೆ ಹತ್ತಿರ ಹರಿಯುತ್ತಿದ್ದ ಕಾಲದಲ್ಲಿ, ಕರಿಮಡ್ಡಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಮಾಳವ್ವ ಅಂತ ಒಬ್ಬಳು ಇದ್ದಳಂತೆ. ಪುಂಡಿನಾರಿನ ಹಗ್ಗ ಹೊಸೆದು ಮನೆಮನೆಯ ಹೊರಸು ಹೆಣೆಯುವುದು ಅವಳ ಕಸುಬು. ಅವಳು ಕಣ್ಣು ಬಿಟ್ಟರೆ ಸತ್ತ ಕಾಲು ಎದ್ದು ನಡೆಯುತ್ತಿತ್ತು ಅಂತಾರೆ. ಅವಳು ಹೆಣೆದ ಹೊರಸಿನ ಮೇಲೆ ಮಲಗಿದವರನ್ನು ಸಾವು ಮುಟ್ಟುತ್ತಿರಲಿಲ್ಲ ಅಂತಾರೆ. ಅಂತಾರೆ, ಅಂತಾರೆ. ಅನ್ನುವವರಿಗೆ ಏನು ಖರ್ಚು? ಮಾಳವ್ವ ಯಾರ ಕಾಲನ್ನೂ ಎಬ್ಬಿಸಲಿಲ್ಲ. ಅವಳು ಮಾಡಿದ್ದು ಬೇರೆ. ಅದನ್ನು ಮಾಡಲಿಕ್ಕೆ ನಿಮಗೂ ಬರುತ್ತದೆ, ನನಗೂ ಬರುತ್ತದೆ. ಆದರೆ ನಾವು ಮಾಡುವುದಿಲ್ಲ. ಅದಕ್ಕೇ ಅವಳನ್ನು ದೇವರು ಮಾಡಿ ಕೂರಿಸಿದ್ದೇವೆ. ಸುಮ್ಮನೆ ಕೂತು ಕೇಳಿ.

ಅದೇ ಊರಲ್ಲಿ ಗಾಣಿಗೇರ ಮಲಕಾಜಪ್ಪ ಇದ್ದನಂತೆ. ಗಾಣ ಅವನದು, ಬಾಯಿಯೂ ಅವನದೇ. ಕುಸುಬಿ ತಂದವರ ಜತೆಗೆ ಜಗಳ ಆಡದೆ ಅವನು ಎಣ್ಣೆ ತೆಗೆದುಕೊಟ್ಟದ್ದೇ ಇಲ್ಲ ಅಂತಾರೆ. ನಿನ್ನ ಕುಸುಬಿಯಲ್ಲಿ ಕಲ್ಲೈತಿ ಅನ್ನುವನು, ನಿನ್ನ ಅಳಿಯ ಅಡ್ನಾಡಿ ಅನ್ನುವನು. ಬಂದವರೂ ಬಿಡುತ್ತಿರಲಿಲ್ಲ. ಎಣ್ಣೆ ಮುಗಿದವರಷ್ಟೇ ಅಲ್ಲ, ಮನೆಯಲ್ಲಿ ಬೇಸರ ಬಂದವರೂ ಹೋಗಿ ಗಾಣದ ಮುಂದೆ ಕೂರುತ್ತಿದ್ದರು.

ಅಂಥವನಿಗೆ ಒಂದು ಮುಂಜಾನೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಬಲಗಾಲು ಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಕರಿಮಡ್ಡಿಯಲ್ಲಿ ಆಗ ಒಂದು ಪದ್ಧತಿ. ಲಕ್ವ ಅಂದರೆ ಗಾಳಿ ಹೊಡೆದದ್ದು, ಮತ್ತೆ ಗಾಳಿ ತಾಗಬಾರದು ಅಂತ ರೋಗಿಯನ್ನು ಒಳಕೋಣೆಗೆ ಒಯ್ದು, ಹೊರಸನ್ನು ಗೋಡೆಗೆ ಒತ್ತಿ, ಮುಖ ಗೋಡೆಯ ಕಡೆಗೆ ಮಾಡಿ ಮಲಗಿಸುತ್ತಿದ್ದರು. ಮಲಕಾಜಪ್ಪನನ್ನೂ ಹಾಗೇ ಮಲಗಿಸಿದರು. ಊರು ನೋಡಲು ಬಂತು. ಬಂದವರು ಬಾಳೆಹಣ್ಣು ಇಟ್ಟರು, ಅವನ ಬೆನ್ನು ನೋಡಿಕೊಂಡು ಅವನ ಹೆಂಡತಿ ಸಾವಂತ್ರೆವ್ವನ ಜತೆ ಮಾತಾಡಿದರು. ಹೆಂಗಿದ್ದ ಮನಶ್ಯಾ ಹೆಂಗಾದ ನೋಡು ಅಂದರು. ಉಣ್ತಾನೇನು ಅಂತ ಅವಳನ್ನು ಕೇಳಿದರು, ನಮ್ಮ ಗುರುತು ಹತ್ತತೈತೇನು ಅಂತಲೂ ಅವಳನ್ನೇ ಕೇಳಿದರು. ಅವನ ಕಿವಿಗೆ ಲಕ್ವ ಹೊಡೆದಿರಲಿಲ್ಲ. ಅದನ್ನು ಯಾರಾದರೂ ಯೋಚಿಸಿದರೇ? ಇಲ್ಲ. ಒಂದು ಸಲ ಬಂದರು, ಬಾಳೆಹಣ್ಣಿನ ಜತೆಗೆ ತಮ್ಮ ಕೆಲಸ ಮುಗಿಯಿತು ಅಂದುಕೊಂಡರು, ಮತ್ತೆ ಬರಲಿಲ್ಲ.

ಸಾವಂತ್ರೆವ್ವ ಮಾತ್ರ ಬಿಡಲಿಲ್ಲ. ಎಣ್ಣೆ ತಿಕ್ಕಿದಳು, ಬಿಸಿನೀರು ಹಾಕಿದಳು, ಹೆಗಲು ಕೊಟ್ಟು ನಿಲ್ಲಿಸಿದಳು. ಸುಗ್ಗಿ ಬರುವ ಹೊತ್ತಿಗೆ ಕಾಲು ಬಂತು. ಕೋಲು ಹಿಡಿದು ಮಲಕಾಜಪ್ಪ ಅಂಗಳಕ್ಕೆ ಬಂದ ದಿನ ಊರು ಕಾಯಿ ಒಡೆಯಿತು. ಗೆದ್ದ ಬಿಡು ಅಂದರು.

ಅವತ್ತಿನಿಂದಲೇ ಅವನು ಊಟ ಬಿಟ್ಟ.

ತಟ್ಟೆ ಮುಂದಿಟ್ಟರೆ ನೋಡುವುದಿಲ್ಲ. ಮಗ ಶಿವರುದ್ರ ಗಾಣದ ಲೆಕ್ಕ ಹೇಳಿದರೆ ಕೇಳುವುದಿಲ್ಲ. ನಸುಕಿಗಿಂತ ಮೊದಲೇ ಎಚ್ಚರ, ಆದರೆ ಏಳುವುದಿಲ್ಲ. ಊರವರು ಏನಂದರು ಗೊತ್ತೇ? ಕಾಲು ಬಂತಲ್ಲ, ಇನ್ಯಾತರ ಚಿಂತಿ? ಸೊಕ್ಕು ಅದು, ಹೆಂಡ್ತಿ ಕೈಯಾಗ ಸೇವಾ ಮಾಡಿಸ್ಕೊಳ್ಳೂ ರೂಢಿ ಬಿದ್ದೈತಿ ಅಂದರು. ಕಾಲಿಗೆ ಬಂದ ರೋಗ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಾಯಿ ಒಡೆಯುತ್ತಾರೆ. ಎದೆಯೊಳಗೆ ಕೂತ ಕತ್ತಲೆ ಕಾಣುವುದಿಲ್ಲ, ಅದಕ್ಕೆ ಬೈಗುಳ. ಆ ಕಾಲದಲ್ಲೂ ಹಾಗೇ, ಈ ಕಾಲದಲ್ಲೂ ಹಾಗೇ.

ಒಂದು ಮಧ್ಯಾಹ್ನ ಸಾವಂತ್ರೆವ್ವ ಹೊಲದಿಂದ ಬಂದು ನೋಡಿದರೆ ಹೊರಸು ಖಾಲಿ. ಹುಡುಕಿದರೆ ಊರ ಹೊರಗಿನ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಅವಳು ಉಳಿಸಿದ ಕಾಲೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಅವಳು ಪಕ್ಕದಲ್ಲಿ ಕೂತು ಅವನ ಧೋತರದ ಚುಂಗು ಹಿಡಿದುಕೊಂಡಳಂತೆ, ಹೊತ್ತು ಇಳಿಯುವ ತನಕ ಬಿಡಲಿಲ್ಲವಂತೆ.

ಊರು ಕೂಡಿತು. ಹಿರಿಯರು ವಿಚಾರ ಮಾಡಿದರು. ಏನು ತೀರ್ಮಾನ? ಕೋಲು ಕಸಿದುಕೊಳ್ಳಿರಿ, ಹೊರಸು ಮತ್ತೆ ಗೋಡೆಗೆ ಒತ್ತಿರಿ! ಇದಕ್ಕೆ ಇಷ್ಟು ತಲೆಗಳು ಕೂಡಬೇಕಾಗಿತ್ತೇ?

ಸಾವಂತ್ರೆವ್ವ ಮಾಳವ್ವನ ಮನೆಗೆ ಹೋದದ್ದು ಮದ್ದು ಕೇಳಲಿಕ್ಕಲ್ಲ. ಎದ್ದೇಳದ ಮನುಷ್ಯನ ಭಾರಕ್ಕೆ ಹಗ್ಗ ಜೋತು ಹೊರಸು ಗುಂಡಿಯಾಗಿತ್ತು, ಗಂಡ ಅದರೊಳಗೆ ಮುಳುಗಿದ್ದ. ಕಾಲ ಕಡೆಯ ಹಗ್ಗ ಬಿಗಿದು ಕೊಡವ್ವಾ ಅಂತ ಕರೆದಳು. ಅಷ್ಟೇ.

ಮಾಳವ್ವ ಬಂದಳು. ಬಂದವಳು ಮೊದಲು ಏನು ಮಾಡಿದಳು ಅನ್ನುವುದನ್ನು ಈ ಕಥೆ ಹೇಳುವವರೆಲ್ಲ ನುಂಗುತ್ತಾರೆ. ಅವಳೂ ಎಲ್ಲರಂತೆ ಬೈದಳು.

"ಲಕ್ವ ಹೊಡೆದ ನನ್ನ ಗಂಡ ಎದ್ದು ನಿಂದರದಂಗ ಹ್ವಾದ. ನಿನ್ನ ಕಾಲು ಬಂದೈತಿ. ಪುಣ್ಯಾ ಮಾಡೀನಿ ಅನ್ನೂದು ಬಿಟ್ಟು ಮಾರಿ ತಿರುವಿ ಮಲಗೀಯಲ್ಲೋ ಮಾರಾಯಾ!"

ಮಲಕಾಜಪ್ಪ ಇನ್ನಷ್ಟು ಗೋಡೆಗೆ ಸರಿದ. ಬೈದರೆ ಏಳುವಂತಿದ್ದರೆ ಅವನು ಯಾವತ್ತೋ ಎದ್ದಿರುತ್ತಿದ್ದ.

ಹಗ್ಗ ಬಿಗಿಯಲು ಇಬ್ಬರು ಬೇಕು. ಒಬ್ಬರು ಎಳೆಯಬೇಕು, ಎಳೆದದ್ದು ಜಾರದಂತೆ ಇನ್ನೊಬ್ಬರು ಹಿಡಿಯಬೇಕು. ಸಾವಂತ್ರೆವ್ವ ನೀರಿಗೆ ಹೋಗಿದ್ದಳು, ಶಿವರುದ್ರ ಗಾಣದಲ್ಲಿದ್ದ. ಮಾಳವ್ವನಿಗೆ ಕಾಯುವ ಗುಣ ಇರಲಿಲ್ಲ. ರೋಗಿಯನ್ನೇ ಎಬ್ಬಿಸಿ ಹೊರಸಿನ ತಲೆಯ ಕಡೆಯ ಕಟ್ಟಿಗೆಗೆ ಒರಗಿಸಿ, ಎಡಗೈಗೆ ಹಗ್ಗ ಕೊಟ್ಟು, ಹಿಡಿ ಅಂದಳು. ಉಳಿದ ತುದಿ ಜಾರಿಹೋಗದಂತೆ ತನ್ನ ಹಲ್ಲಲ್ಲಿ ಕಚ್ಚಿಕೊಂಡು ಎಳೆಯಲು ಶುರು ಮಾಡಿದಳು.

ಆಗ ಮಲಕಾಜಪ್ಪನ ಬಾಯಿ ಅಲುಗಿತು. "ಸ... ಸ..." ಅಂದ.

ಕೊಡ ಹೊತ್ತು ಒಳಗೆ ಬಂದ ಸಾವಂತ್ರೆವ್ವ ಓಡಿಬಂದು, ಸಜ್ಜಿರೊಟ್ಟಿ ಬೇಕೇನ್ರಿ ಅಂದಳು. ಸದ್ದು ಕೇಳಿ ಬಂದ ಶಿವರುದ್ರ, ಸಂಕಟ ಆಗತೈತೇನಪಾ ಅಂದ. ಇಷ್ಟು ತಿಂಗಳಿಂದ ಆ ಮನೆಯಲ್ಲಿ ನಡೆದದ್ದು ಇದೇ. ಅವನು ಒಂದು ಅಕ್ಷರ ಹೊರಗೆ ಹಾಕಿದರೆ ಉಳಿದದ್ದನ್ನು ಇವರೇ ತುಂಬಿ, ಇವರೇ ಉತ್ತರ ಕೊಟ್ಟು, ಹೊದಿಕೆ ಸರಿ ಮಾಡಿ ಹೋಗುತ್ತಿದ್ದರು. ಪ್ರೀತಿಯಿಂದಲೇ ಮಾಡುತ್ತಿದ್ದರು. ಅದೇ ಕಷ್ಟ.

ಮಾಳವ್ವನೂ ಆ ಮಾತು ತುಂಬಿಬಿಡುತ್ತಿದ್ದಳೇನೋ. ಆದರೆ ಅವಳ ಹಲ್ಲಲ್ಲಿ ಹಗ್ಗ ಇತ್ತು. ಬಾಯಿ ಬಿಟ್ಟರೆ ಕೆಲಸ ಕೆಡುತ್ತದೆ. ಕೈ ಎತ್ತಿ ತಾಯಿ ಮಗನಿಗೆ ಸುಮ್ಮನಿರಿ ಅಂತ ಸನ್ನೆ ಮಾಡಿದಳು. ಮೂವರೂ ನಿಂತರು. ಗಾಣದ ಎತ್ತು ಹೊರಗೆ ನಿಂತೇ ಇತ್ತು. ಬಹಳ ಹೊತ್ತು ಹಿಡಿಯಿತು ಅಂತಾರೆ.

"ಸ... ಸಡ್ಲ ಐತಿ. ನಿನಗ... ಬಿಗಿಯಾಕ ಬರೂದಿಲ್ಲ."

ಮಾಳವ್ವ ಹಗ್ಗ ಉಗುಳಿದಳು. "ಏನಂದೀ? ನನಗ ಬಿಗಿಯಾಕ ಬರೂದಿಲ್ಲಾ? ಎಣ್ಣಿಯಾಗ ನೀರು ಬೆರಸೂ ನನ್ ಹಾಟ್ಯಾ, ನೀ ನನಗ ಕಲಸ್ತಿ?"

"ಬೆ... ಬೆರಸಿಲ್ಲ."

"ಬೆರಸೀದಿ! ಊರಿಗೇ ಗೊತ್ತೈತಿ!"

ಅವನ ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಯಿತು. ನಗುತ್ತಿದ್ದನೋ ಅಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ. ಲಕ್ವ ಹೊಡೆದ ಮೇಲೆ ಅವನ ಜತೆ ಜಗಳ ಆಡಿದವರಲ್ಲಿ ಅವಳೇ ಮೊದಲನೆಯವಳು.

ಮರುದಿನವೂ ಮಾಳವ್ವ ಬಂದಳು. ಯಾರೂ ಕರೆದಿರಲಿಲ್ಲ. ಚೆನ್ನಾಗಿದ್ದ ಹಗ್ಗವನ್ನು ತಾನೇ ಸಡಿಲಿಸಿ, ಅವನ ಕೈಗೆ ಕೊಟ್ಟು, ತುದಿ ಕಚ್ಚಿಕೊಂಡು ಕೂತಳು. ಹೀಗೇ ದಿನಾ. ಒಮ್ಮೆ ಅವನೇ ಬಾವಿಯ ಮಾತು ತೆಗೆದ. ಯಾಕೆ ಹೋಗಿದ್ದೆ ಅಂತ ಅವಳು ಕೇಳಿರಲಿಲ್ಲ, ಕೇಳಲು ಬಾಯಿ ಖಾಲಿ ಇರಲಿಲ್ಲ.

"ಮನ್ಯಾಗ... ನಾ ಇಲ್ಲ," ಅಂದನಂತೆ. "ಹೊರಸ ಐತಿ. ಎಲ್ಲಾರೂ... ಹೊರಸಿನ ಕೂಡ... ಮಾತಾಡ್ತಾರ."

ಸಾವಂತ್ರೆವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಹೋಗಿ ಮಗನನ್ನು ಕರೆದಳು. ತಾಯಿ ಮಗ ಸೇರಿ ಹೊರಸನ್ನು ಗೋಡೆಯಿಂದ ಬಿಡಿಸಿ, ಅವನನ್ನು ಕೇಳಿ, ಅವನು ಹ್ಞೂಂ ಅನ್ನುವ ತನಕ ಕಾದು, ಗಾಣದ ಬಾಗಿಲಲ್ಲಿ ಹಾಕಿದರು. ಗಾಳಿ ಹೊಡೆಯುತ್ತದೆ ಅಂತ ಊರು ಕೂಗಿತು. ಕೂಗಲಿ ಅಂದಳು ಸಾವಂತ್ರೆವ್ವ.

ಅಲ್ಲಿಂದ ಅವನು ಜಿಗಿದೆದ್ದ ಅಂತ ಹೇಳುವವರಿದ್ದಾರೆ. ಸುಳ್ಳು. ಕೈ ಬರಲೇ ಇಲ್ಲ. ಎಷ್ಟೋ ದಿನ ಹಗ್ಗ ಕೊಟ್ಟರೂ ಹಿಡಿಯಲಿಲ್ಲ, ತಟ್ಟೆ ಮುಟ್ಟಲಿಲ್ಲ. ಅಂಥ ದಿನ ಮಾಳವ್ವ ಹಗ್ಗ ಹಿಡಿದುಕೊಂಡು ಸುಮ್ಮನೆ ಕೂತು, ಎದ್ದು ಹೋಗಿ, ಮರುದಿನ ಬರುತ್ತಿದ್ದಳು. ಕತ್ತಲೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಆದರೆ ಕುಸುಬಿ ತಂದವರು ಅವನ ಅರ್ಧ ಮಾತಿಗೆ ಕಾಯುವುದನ್ನು ಕಲಿತರು, ಪೂರ್ತಿಯಾದ ಮೇಲೆ ತಿರುಗಿ ಬೈಯುವುದನ್ನೂ ಕಲಿತರು. ಬಾವಿಯ ಕಡೆಗೆ ಅವನು ಮತ್ತೆ ಒಬ್ಬನೇ ಹೋಗಲಿಲ್ಲ. ಮೊಮ್ಮಕ್ಕಳನ್ನು ಬೈದು, ಮುದುಕನಾಗಿ ಸತ್ತ.

ಆಮೇಲೆ ಲಕ್ವ ಹೊಡೆದ ಮನೆಗೆಲ್ಲ ಮಾಳವ್ವ ಹೋದಳಂತೆ. ಸತ್ತ ಮೇಲೆ ಜನ ಅವಳ ಹೆಸರಲ್ಲಿ ಒಂದು ಕಲ್ಲು ನೆಟ್ಟು ಪುಂಡಿನಾರು ಕಟ್ಟತೊಡಗಿದರು. ಈಗಲೂ ಕಟ್ಟುತ್ತಾರೆ. ಕಲ್ಲಿಗೆ ನಾರು ಕಟ್ಟಿ, ಮನೆಗೆ ಬಂದು, ರೋಗಿಯ ಬೆನ್ನಿಗೆ ಮಾತಾಡುವವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಏನು ಹೇಳುವುದು!

ಆದರೆ ಕರಿಮಡ್ಡಿಯ ಎಲ್ಲರೂ ಅಷ್ಟು ದಡ್ಡರಲ್ಲ. ಇವತ್ತಿಗೂ ಅಲ್ಲಿ ಲಕ್ವ ಹೊಡೆದವರ ಹೊರಸು ಬಾಗಿಲ ಕಡೆಗೆ ಮುಖ ಮಾಡಿರುತ್ತದೆ. ಕಾಲ ಕಡೆಯ ಹಗ್ಗ ಸಡಿಲ ಬಿಟ್ಟಿರುತ್ತಾರೆ. ಕಬ್ಬಿಣದ ಮಂಚ ಇದ್ದ ಮನೆಯಲ್ಲೂ ಒಂದು ತುಂಡು ಹಗ್ಗ ಕಟ್ಟಿರುತ್ತಾರೆ. ನೋಡಲು ಬಂದವರು ಬಾಳೆಹಣ್ಣು ಇಟ್ಟು ಓಡುವಂತಿಲ್ಲ. ಹಗ್ಗವನ್ನು ಮಲಗಿದವರ ಕೈಗೆ ಕೊಟ್ಟು, ತುದಿಯನ್ನು ತಮ್ಮ ಹಲ್ಲಲ್ಲಿ ಕಚ್ಚಿಕೊಂಡು ಬಿಗಿಯಬೇಕು. ಮಲಗಿದವರು ಸಡ್ಲ ಐತಿ ಅಂದರೆ, ಸಡಿಲ ಇರಲಿ ಬಿಡಲಿ, ಬಿಚ್ಚಿ ಮತ್ತೆ ಮೊದಲಿನಿಂದ ಬಿಗಿಯಬೇಕು.