ಜಕ್ಕಪ್ಪ ಚಿಗರಿ ಕರೆದದ್ದು

ಯಾವ ಕಾಲದ್ದು ಅಂತ ಮಾತ್ರ ಕೇಳಬ್ಯಾಡ್ರಿ, ನಮ್ಮ ಮುತ್ತ್ಯಾನ ಮುತ್ತ್ಯಾಗೂ ಗೊತ್ತಿರಲಿಲ್ಲ. ಒಂದೂರಾಗ ಜಕ್ಕಪ್ಪ ಅಂತ ಒಬ್ಬ ಕುರುಬ ಇದ್ದ. ಊರ ಮಗ್ಗಲಕ್ಕ ದೊಡ್ಡ ಹುಲ್ಲುಗಾವಲು, ಅದರ ತುಂಬ ಚಿಗರಿ, ತಿರುವು ಕೋಡಿನ ಜಿಂಕಿ. ಬ್ಯಾಸಗ್ಯಾಗ ಜಕ್ಕಪ್ಪ ಕಲ್ಲದೋಣಿಗೆ ನೀರು ಸೇದಿ ಹಾಕಿ, ಬಾಯಿಗೆ ಕೈ ಹಚ್ಚಿ "ಹೋ, ಬರ್ರ್ಯೋ" ಅಂತ ಕೂಗಿದ್ರ ಸಾಕು, ಚಿಗರಿ ಹಿಂಡು ಹಿಂಡಾಗಿ ಬಂದು ಅವನ ಕಂಬಳಿ ಮೂಸಿ ನೀರು ಕುಡೀತಿದ್ವಂತ. ಮೋಡಾನೂ ಬರ್ತಿತ್ತು ಅಂತಾರ. ಅದನ್ನ ನಾ ನಂಬಂಗಿಲ್ಲ, ಚಿಗರೀದು ನಂಬ್ತೀನಿ.

ಆ ಊರಾಗ ಒಂದು ಪದ್ಧತಿ ಇತ್ತು. ಕೊಯ್ಯೋ ಕುರೀನ ಯಾರೂ ಕರೀತಿರಲಿಲ್ಲ. ಹಿಂಡಿನ ನಡುವ ಹೋಗಿ ಕಾಲು ಹಿಡಿದು ತರಬೇಕು. ದನಿ ನಂಬಿ ಬಂದದ್ದರ ಮ್ಯಾಲೆ ಕೈ ಎತ್ತಂಗಿಲ್ಲ. ಜಗತ್ತಿಗೆಲ್ಲ ಇದೇ ಪದ್ಧತಿ ಅಂತ ಜಕ್ಕಪ್ಪ ತಿಳಿದಿದ್ದ, ಪಾಪ.

ಆ ಸೀಮಿ ದೊರಿ ಡಂಗುರ ಹೊಡಿಸಿದ್ದ. ಅಡವಿ ಚಿಗರಿ ಕೊಂದವ ಯಾರೇ ಆಗ್ಲಿ, ಅಂವಗ ಸೆರಿಮನಿ. ಆದ್ರೂ ಜಮೀನುದಾರ ದೇಸಾಯರ ಅಳಿಯಗ ತಿರುವು ಕೋಡಿನ ತಲಿ ಪಡಸಾಲಿ ಗ್ವಾಡಿಗೆ ತೂಗಹಾಕೂ ಹುಚ್ಚು. ಉಣ್ಣಾಕಲ್ಲ ನೋಡ್ರಿ, ಬಂದವರಿಗೆ ತೋರಸಾಕ! ಒಂದಿನ ಜಕ್ಕಪ್ಪನ ಹತ್ರ ಬಂದು, ಬರೇ ನೋಡ್ತೀನಿ, ಚಿಗರಿ ಕರಿ ಅಂದನಂತ. ಹೆಗಲಮ್ಯಾಲೆ ಬಂದೂಕು ಇದ್ದದ್ದು ಜಕ್ಕಪ್ಪಗೂ ಕಾಣಸ್ತಿತ್ತು. ಕರೆದದ್ದನ್ನ ಯಾರರ ಹೊಡೀತಾರೇನು ಅಂತ ಇಂವ ಕೂಗಿದ. ಹಿಂಡಿನ ಮುಂದಾಳು, ಕರೀ ಗಂಡು, ಮೊದಲು ಬಂತು. ಅದು ದೋಣಿಗೆ ಬಾಯಿ ಹಚ್ಚಿತು, ಅಳಿಯ ಗುಂಡು ಹಾರಿಸಿದ.

ಜಕ್ಕಪ್ಪನೇ ದೂರು ಕೊಟ್ಟ. ದೊರಿ ಕಳಿಸಿದ ನ್ಯಾಯಾಧೀಶ ಬಂದು ಅದೇ ದೋಣಿ ಹತ್ರ ಕುಂತ. ಆಗ ಅಳಿಯ ಏನಂದ ಅಂತೀರಿ? ಕರೆದ್ರ ಬರೂದು ಅಡವಿ ಪ್ರಾಣಿ ಹೆಂಗಾಗ್ತೈತಿ, ಅದು ಸಾಕಿದ್ದು, ಸಾಕಿದ್ದಕ್ಕ ನಿಮ್ಮ ಕಾನೂನು ಹತ್ತಂಗಿಲ್ಲ ಅಂದ! ನ್ಯಾಯಾಧೀಶಗ ತಲಿ ಗಿರ್ ಅಂತು. ಕಡೀಗೆ ಜಕ್ಕಪ್ಪಗ ಹೇಳಿದ: ಇನ್ನೊಮ್ಮೆ ಕರಿ. ಬಂದ್ರ ಎಲ್ಲಾ ಸಾಕಿದ್ವು, ಇಂವ ಬಿಡುಗಡಿ. ಬರದಿದ್ರ ಅಡವಿವು, ಇಂವಗ ಸೆರಿ.

ಬಂದ್ರ ಆವತ್ತಿಂದ ಇಡೀ ಹಿಂಡು ಬಂದೂಕಿದ್ದವರ ಪಾಲು. ಸುಳ್ಳು ದನಿ ತಗದು ಓಡಿಸೋಣ ಅಂದ್ರ, ಅವುಕ್ಕ ಅಂವ ಎಂದೂ ಸುಳ್ಳು ಕೂಗಿದವನಲ್ಲ. ಕಡೀಗೆ ಜಕ್ಕಪ್ಪ ಬಾಯಿಗೆ ಕೈ ಹಚ್ಚಿ ಕೂಗಿದ. ದೂರದಾಗ ಚಿಗರಿ ಎಲ್ಲಾ ತಲಿ ಎತ್ತಿದ್ವು. ಇತ್ತ ನೋಡಿದ್ವು. ತಿರುಗಿ ಹೋಗಿಬಿಟ್ವು.

ಬೇಕಂತನ ದನಿ ಒಡೆದ ಅಂತಾರ ಕೆಲವರು. ಇಲ್ಲ, ಮನಸಾರೆ ಕರೆದ, ಚಿಗರಿ ನಂಬಲಿಲ್ಲ ಅಂತಾರ ಕೆಲವರು. ಇದಕ್ಕ ನಮ್ಮ ಅಜ್ಜ ಅಜ್ಜಿ ಜಗಳಾಡಿ ಉಪವಾಸ ಮಲಗಿದ್ದೂ ಐತಿ. ನನಗಂತೂ ಮುಂಜಾನೆ ಒಂದು ಖರೇ ಅನಸ್ತೈತಿ, ಸಂಜಿಗೆ ಇನ್ನೊಂದು.

ಅಳಿಯಗ ಬೇಡಿ ಬಿತ್ತು, ಊರು ಕುಣೀತು. ಜಕ್ಕಪ್ಪ ಒಬ್ಬನೇ ಕುಂತು ಅತ್ತ. ತಾ ಅವುಕ್ಕ ಮೋಸ ಮಾಡಿದನೋ, ಅವು ತನ್ನ ಕೈಬಿಟ್ಟುವೋ, ಅಂವಗ ತಿಳೀಲಿಲ್ಲಂತ. ಕರೆದವ ನಾನು, ನನಗೂ ಬೇಡಿ ಹಾಕ್ರಿ ಅಂತ ಕೈ ಚಾಚಿದ. ಕರೆದದ್ದಕ್ಕ ಕಾನೂನಿಲ್ಲಪ್ಪ ಅಂದ ನ್ಯಾಯಾಧೀಶ. ತಪ್ಪಿಲ್ಲ ಅಂತ ಮಾತ್ರ ಅನ್ನಲಿಲ್ಲ. ಇರೂತನಕ ಜಕ್ಕಪ್ಪ ದೋಣಿ ತುಂಬಿಸಿದ, ಕೂಗಲಿಲ್ಲ. ಅಂವ ಮನಿಗೆ ಹೊಳ್ಳಿ ಹೋದಮ್ಯಾಲೆ ಚಿಗರಿ ಬಂದು ಕುಡೀತಿದ್ವು.

ಈಗೂ ಆ ಹುಲ್ಲುಗಾವಲಿನಾಗ ಯಾರೂ ಯಾರನ್ನೂ ಕೂಗಂಗಿಲ್ಲ. ಕೂಸು ಮುಂದ ಓಡಿದ್ರ ತಾಯಿನೂ ಓಡಿ ಹೋಗಿ ಹೆಗಲು ಹಿಡೀತಾಳ. ಮೊನ್ನೆ ನಮ್ಮ ಎಮ್ಮಿ ಅಲ್ಲಿ ತಪ್ಪಿಸಿಕೊಂಡಿತ್ತು, ನನ್ನ ಸೊಸಿ ಹೊತ್ತು ಮುಳುಗೂತನಕ ಬಾಯಿ ಬಿಡದ ಹುಡುಕಿದ್ಲು. ಅಲ್ಲವ್ವಾ, ಒಂದ್ಸಲ ಕೂಗಿದ್ರ ಬರ್ತಿತ್ತಲ್ಲ ಅಂದೆ.

"ಚಿಗರಿ ಬಂದುಬಿಟ್ರ ಏನ್ ಮಾಡ್ಲಿ ಮಾವಾರ?" ಅಂದ್ಲು.